ಕ್ಯಾಂಪ್ ಫೈರ್ ಇಲ್ಲದ ಜೋಗಿಮಟ್ಟಿ ಚಾರಣ: ನನ್ನ ಅನುಭವ

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ನಾನು ಜನರನ್ನು ಚಾರಣಕ್ಕೆ ಕರೆದೊಯ್ಯುತ್ತೇನೆ, ರಾತ್ರಿ ಕ್ಯಾಂಪ್ ಫೈರ್ ಮಾತ್ರ ಹಾಕಿಸಲ್ಲ. ಬೆಂಕಿ ಹಾಕಿಸದಿದ್ದರೆ ಯಾವನೂ ದುಡ್ಡು ಕೊಟ್ಟು ಬರಲ್ಲ ಅಂತ ಚಾರಣ ನಡೆಸುವ ಗೆಳೆಯರೆಲ್ಲ ಭವಿಷ್ಯ ಹೇಳಿದ್ದರು. ದಾವಣಗೆರೆಯ ಒಬ್ಬರಂತೂ "ಇದು ಚಾರಣ ಅಲ್ಲ ಮಾರಾಯ, ಹೈಸ್ಕೂಲ್ ಪಿಕ್ನಿಕ್" ಅಂದರು. ಈಗ ಅವರೇ ಫೋನ್ ಮಾಡಿ, ಕಸ ಎಸೆಯದಿರಲಿ ಅಂತ ನಾನು ಹಿಡಿಯುವ ಡೆಪಾಸಿಟ್ ಲೆಕ್ಕ ಹೇಗೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾನೂನು ನಿಮಗೆ ಗೊತ್ತಿದ್ದದ್ದೇ. ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ವನ್ಯಜೀವಿಧಾಮದೊಳಗೆ ಬೆಂಕಿ ಹಾಕಬಾರದು ಅನ್ನುವುದು 30ನೇ ಸೆಕ್ಷನ್, ಅನುಮತಿ ಇಲ್ಲದೆ ಆಯುಧ ಒಯ್ಯಬಾರದು ಅನ್ನುವುದು 31. ಆಯುಧ ಅಂದರೆ ಬಂದೂಕು ಮಾತ್ರ ಅಂತ ತಿಳಿದವರೇ ಜಾಸ್ತಿ. ಅದೇ ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಚಾಕುವೂ ಇದೆ. ಅದನ್ನು ಓದಿದ ಮೇಲೆ ನಾನು ಸೌತೆಕಾಯಿ, ಈರುಳ್ಳಿ ಎಲ್ಲಾ ಮನೆಯಲ್ಲೇ ಹೆಚ್ಚಿಕೊಂಡು ಹೋಗುತ್ತೇನೆ. ಬ್ಯಾಗಿನಲ್ಲಿ ಚಾಕು ಇಟ್ಟುಕೊಂಡು ಗೇಟಿನಲ್ಲಿ ವಾದ ಮಾಡುವ ಶೋಕಿ ನನಗಿಲ್ಲ.

ಕಾಡಿನೊಳಗೆ ಟೆಂಟ್ ಹಾಕುವ ಆಸೆ ಮೊದಲೇ ಬಿಟ್ಟೆ. ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯುವುದು. ರಾತ್ರಿ ಕಾಡಿನ ಗಡಿಯ ಹೊರಗೆ, ಪರಿಚಯದ ರೈತರೊಬ್ಬರ ದಾಳಿಂಬೆ ತೋಟದಲ್ಲಿ ವಾಸ. ತೋಟ ಎಲ್ಲಿ ಅಂತ ಕೇಳಬೇಡಿ. ಹೇಳಿದರೆ ಮುಂದಿನ ಶನಿವಾರ ಅಲ್ಲಿ ನಾಲ್ಕು ಬಸ್ ನಿಂತಿರುತ್ತವೆ.

ನಿಜವಾದ ತಲೆನೋವು ಕಸ. ಬೋರ್ಡ್ ಹಾಕಿದರೂ, ಭಾಷಣ ಮಾಡಿದರೂ ಕುರುಕಲು ತಿಂಡಿಯ ಪ್ಯಾಕೆಟ್ ಬೀಳುವುದು ನಿಲ್ಲಲ್ಲ. ಮೊದಲು ತೂಕದ ಐಡಿಯಾ ಮಾಡಿದೆ. ಹತ್ತುವಾಗ ಬ್ಯಾಗ್ ತೂಗಿ, ಇಳಿದಾಗ ಮತ್ತೆ ತೂಗುವುದು. ತೂಗುವ ಕೊಕ್ಕೆಗೆ 400 ರೂಪಾಯಿ ಹೋಯಿತು. ಜನ ನೀರು ಕುಡಿಯುತ್ತಾರೆ, ರೊಟ್ಟಿ ತಿನ್ನುತ್ತಾರೆ, ತೂಕ ಹೇಗೆ ತಾಳೆಯಾಗಬೇಕು? ಅದು ಹೊಟ್ಟೆಯೊಳಗೆ ಹೋಯಿತೋ ಪೊದೆಯೊಳಗೆ ಹೋಯಿತೋ ಕೊಕ್ಕೆ ಹೇಳಲ್ಲ. ಆಮೇಲೆ ಎಣಿಕೆ ಶುರು ಮಾಡಿದೆ. ತಂದ ಒಂದೊಂದು ವಸ್ತುವಿಗೂ ಸ್ಟಿಕ್ಕರ್, ಒಬ್ಬೊಬ್ಬರಿಂದ 100 ರೂಪಾಯಿ ಡೆಪಾಸಿಟ್, ಇಳಿದಾಗ ಸ್ಟಿಕ್ಕರ್ ಲೆಕ್ಕ ಸರಿಯಿದ್ದರೆ ದುಡ್ಡು ವಾಪಸ್. ಇದರ ಮೂಲ ನನ್ನದಲ್ಲ. ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ಹಿಡಿದು, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ ಕೊಡುವ ಪದ್ಧತಿ ತಂದಿದ್ದರಲ್ಲ, ಅಲ್ಲಿಂದ ಎತ್ತಿದ್ದು.

ಅದೂ ಕೈಕೊಟ್ಟಿತು. ಬೆಂಗಳೂರಿನ ಹುಡುಗರು "ಸರ್, ನೂರು ರೂಪಾಯಿ ನೀವೇ ಇಟ್ಕೊಳ್ಳಿ, ಅಷ್ಟು ದೂರ ಯಾರು ವಾಪಸ್ ಹತ್ತುತ್ತಾರೆ" ಅಂದುಬಿಟ್ಟರು. ಅಂದರೆ ನೂರು ರೂಪಾಯಿಗೆ ಕಸ ಎಸೆಯುವ ಲೈಸೆನ್ಸ್ ಮಾರಿದ ಹಾಗಾಯಿತು! ಮೊತ್ತ 500ಕ್ಕೆ ಏರಿಸಿದೆ. ಬುಕಿಂಗ್ ಅರ್ಧಕ್ಕರ್ಧ ಬಿದ್ದುಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಗುಂಪಿನ ಡೆಪಾಸಿಟ್. ಐದು ಜನಕ್ಕೆ ಒಂದು ಗುಂಪು, ತಲಾ 200, ಒಟ್ಟು ಸಾವಿರ. ಒಂದೇ ಒಂದು ಸ್ಟಿಕ್ಕರ್ ಕಮ್ಮಿ ಬಂದರೂ ಸಾವಿರವೂ ಹೋಯಿತು. ಆ ದುಡ್ಡು ನನ್ನ ಜೇಬಿಗೆ ಬಂದರೆ ಜನ ಅನುಮಾನ ಪಡುತ್ತಾರೆ, ಸರಿಯೇ. ಹಾಗಾಗಿ ಅದರಲ್ಲಿ ಉಳಿದ ಗುಂಪುಗಳಿಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಸೋತವರು ಪಕ್ಕದ ಟೇಬಲ್ಲಿನಲ್ಲಿ ಕೂತು ತಮ್ಮ ದೋಸೆಗೆ ತಾವೇ ದುಡ್ಡು ಕೊಟ್ಟು ತಿನ್ನಬೇಕು. ಈಗ ನಾನು ಬಾಯೇ ಬಿಡಬೇಕಾಗಿಲ್ಲ. ಗುಂಪಿನವರೇ ಒಬ್ಬರನ್ನೊಬ್ಬರು ಕಾಯುತ್ತಾರೆ, ಎದುರು ಗುಂಪಿನವರು ದೋಸೆಯಾಸೆಗೆ ಇವರ ಮೇಲೆ ಕಣ್ಣಿಟ್ಟಿರುತ್ತಾರೆ. ಗುಟ್ಕಾ ಚೀಟಿಗೆ ಸ್ಟಿಕ್ಕರ್ ಅಂಟಿಸಲು ಆಗಲ್ಲ, ಅದನ್ನು ಹಿಡಿಯುವುದು ಹೇಗೆ ಅಂತ ಕೇಳಬಹುದು. ಅದಕ್ಕೊಂದು ಉಪಾಯ ಇದೆ. ಬರೆದರೆ ಗುಟ್ಕಾದವರೂ ಓದುತ್ತಾರೆ.

ಊಟದ ವಿಷಯದಲ್ಲೂ ಸ್ವಲ್ಪ ಆಟ ಆಡಿದೆ. ಪ್ಯಾಕೆಟ್ಟೇ ಬೇಡ ಅಂತ ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಮೂಟೆ ತಂದು ಬಟ್ಟೆ ಚೀಲಗಳಲ್ಲಿ ಹಂಚಿದೆ. ಹಗುರ, ಅಗ್ಗ, ಒಲೆ ಬೇಡ. ಆದರೆ ಜೋಗಿಮಟ್ಟಿಯ ಗಾಳಿ ಗೊತ್ತಲ್ವಾ? ಒಂದು ಮುಷ್ಟಿ ಬಾಯಿಗೆ, ಎರಡು ಮುಷ್ಟಿ ಗಾಳಿಗೆ. ಬಿದ್ದದ್ದನ್ನು ಹೆಕ್ಕಲು ಕೋತಿಗಳು ಬಂದವು, ಮುಂದಿನ ಸಲ ನಮ್ಮ ಚೀಲ ನೋಡಿದ ಕೂಡಲೇ ಹಿಂದೆ ಬಿದ್ದವು. ಕಾಡು ಪ್ರಾಣಿಗೆ ತಿಂಡಿ ಹಾಕಬಾರದು ಅನ್ನುವ ನಿಯಮವನ್ನು ಗಾಳಿಯೇ ಮುರಿಸಿತು. ಈಗ ಮೇಲಕ್ಕೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾತ್ರ, ಅದೂ ಸ್ಟೀಲ್ ಡಬ್ಬಿಯಲ್ಲಿ. ಮಂಡಕ್ಕಿ ಏನಿದ್ದರೂ ತೋಟಕ್ಕೆ ಬಂದ ಮೇಲೆ. ಬೆಲ್ಲ, ಬಾಳೆಹಣ್ಣು ಬೇಡ ಅಂದುಬಿಟ್ಟೆ. ಕರಡಿ ಇರುವ ಜಾಗ, ಸಿಹಿ ವಾಸನೆ ಹೊತ್ತು ಓಡಾಡುವುದು ಯಾಕೆ?

ಗಾಳಿ ಇನ್ನೊಂದು ಕಡೆಯೂ ಹೊಡೆಯಿತು. ಹೆಂಗಸರಿಗೆ ಅನುಕೂಲ ಆಗಲಿ ಅಂತ ಎರಡು ಟಾಯ್ಲೆಟ್ ಟೆಂಟ್ ತರಿಸಿದ್ದೆ, ಒಂದಕ್ಕೆ ಎರಡೂವರೆ ಸಾವಿರದ ಹತ್ತಿರ. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲವಲ್ಲ. ಮೊದಲ ರಾತ್ರಿಯೇ ಒಂದು ಟೆಂಟ್ ಬೇಲಿ ದಾಟಿ ಪಕ್ಕದ ಹೊಲಕ್ಕೆ ಹೋಯಿತು, ಕಂಬಿ ಮುರಿಯಿತು. ಇನ್ನೊಂದನ್ನು ಮಾರಿಬಿಟ್ಟೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ತೋಟದ ಪಾಯಿಖಾನೆಗೆ ಬಾಗಿಲು, ನಲ್ಲಿ ಹಾಕಿಸಿದೆ. ರೈತರಿಗೂ ಖುಷಿ.

ಇನ್ನು ಬೆಂಕಿ. ಬಾದೆ ಹುಲ್ಲು ಒಣಗಿದ ಮೇಲೆ ಒಂದು ಬೀಡಿ ಸಾಕು, ಗುಡ್ಡವೇ ಹೋಗುತ್ತದೆ. ತೋಟದಲ್ಲಾದರೂ ಹಾಕೋಣ ಅಂದರೆ ಕಿಡಿ ಹಾರಿದರೆ ಆಚೆ ಕಾಡೇ. ಬದಲಿಗೆ ಮಡಕೆಯೊಳಗೆ ಹಳದಿ ಎಲ್‌ಇಡಿ ಇಟ್ಟು ನೋಡಿದೆ. ಮಳೆಗಾಲ ಮುಗಿದ ಹೊತ್ತು, ಊರಿನ ಹುಳವೆಲ್ಲ ನಮ್ಮ ಸಾರಿನ ಪಾತ್ರೆಗೇ ಬಿತ್ತು. ಕೊನೆಗೆ ಉತ್ತರ ಸಿಕ್ಕಿದ್ದು ತೋಟದ ಮನೆಯ ಒಲೆಯಲ್ಲಿ. ಆ ಮನೆಯ ಹೆಂಗಸರು ರೊಟ್ಟಿ ಬಡಿಯುವಾಗ ಚಳಿಗೆ ಎಲ್ಲರೂ ಒಲೆಯ ಸುತ್ತ ಸೇರಿದರು. ಒಬ್ಬಳು ನಾನೂ ಬಡೀತೀನಿ ಅಂದಳು, ಹಿಂದೆಯೇ ಸಾಲು ನಿಂತಿತು. ಮುರಿದ ರೊಟ್ಟಿಗಳ ಫೋಟೊಗಳಿಂದ ಬಂದಷ್ಟು ಬುಕಿಂಗ್ ನನ್ನ ಯಾವ ಜಾಹೀರಾತಿನಿಂದಲೂ ಬಂದಿಲ್ಲ. ರೊಟ್ಟಿ ಊಟಕ್ಕೆ ಆ ಮನೆಗೆ ತಲಾ 120 ಕೊಡುತ್ತೇನೆ.

ಲೆಕ್ಕ ಹೇಳುವುದಾದರೆ, ಮೊದಲ ಹಂಗಾಮಿನಲ್ಲಿ ಮೂವತ್ತು ಮೂವತ್ತೈದು ಸಾವಿರ ಕೈಯಿಂದ ಹೋಯಿತು. ಈಗ ತಲಾ 900ರ ಆಸುಪಾಸು ತಗೊಳ್ಳುತ್ತೇನೆ. ಅನುಮತಿ ಶುಲ್ಕ, ಊಟ, ಜೀಪು, ತೋಟದ ಬಾಡಿಗೆ ಕಳೆದರೆ ಒಬ್ಬರ ಮೇಲೆ 150, ಒಳ್ಳೆಯ ದಿನ 200 ಉಳಿಯುತ್ತದೆ. ಇಪ್ಪತ್ತೈದು ಜನಕ್ಕಿಂತ ಜಾಸ್ತಿ ಹತ್ತಿಸಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಇರುವೆ ಸಾಲಿನಂತೆ ನಿಂತ ವಿಡಿಯೊ ನೋಡಿದ್ದೀರಲ್ಲ. ಆಮೇಲೆ ಸರ್ಕಾರ ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಿತು. ನಮ್ಮ ಒಣಕಾಡಿಗೆ 300 ಕೂಡ ಭಾರ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಜೋಗಿಮಟ್ಟಿ ಕಾಡಿನ ಹಿಮವತ್ಕೇದಾರದಲ್ಲಿ ರಜಾ ದಿನದ ಮಧ್ಯಾಹ್ನ ಒಮ್ಮೆ ನಿಂತು ನೋಡಿ.

ಸದ್ಯ ಜಗಳೂರು ಕಡೆಯ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಜೀವಿಧಾಮದ ಅಂಚಿನಲ್ಲಿ ಇದನ್ನೇ ಮಾಡಬಹುದಾ ಅಂತ ನೋಡುತ್ತಿದ್ದೇನೆ. ಕೊಂಡುಕುರಿ ಬಲು ನಾಚಿಕೆಯ ಪ್ರಾಣಿ, ನೀರು ಅದಕ್ಕೆ ತಪ್ಪಬಾರದು. ಹಾಗಾಗಿ ನೀರಿನ ಹತ್ತಿರ ಜನರನ್ನು ಕೂರಿಸುವುದಿಲ್ಲ, ಮೊಬೈಲ್ ಸ್ಪೀಕರ್ ಬಾಯಿಗೂ ಒಂದು ಸ್ಟಿಕ್ಕರ್ ಅಂಟಿಸಿ ಅದೇ ಸಾವಿರದ ಲೆಕ್ಕಕ್ಕೆ ಸೇರಿಸುತ್ತೇನೆ. ಸ್ಟಿಕ್ಕರ್ ಬೆವರಿಗೆ ಕಿತ್ತು ಬರುತ್ತಿದೆ, ಅದೊಂದೇ ಸಮಸ್ಯೆ. ಒಳ್ಳೆಯ ಅಂಟಿನದು ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ತಿಳಿಸಿ.