ಥಾಯ್ ಭಾಷೆಯ ಭಯಾನಕ ಚಿತ್ರಕ್ಕೆ ನೇರವಾಗಿ ಕನ್ನಡ ಸಬ್‌ಟೈಟಲ್: ನನ್ನ ಅನುಭವ

ಇಂಗ್ಲಿಷ್ ಸಬ್‌ಟೈಟಲನ್ನು ಬದಿಗಿಟ್ಟು, ಥಾಯ್ ಮಾತನ್ನು ಕಿವಿಯಿಂದಲೇ ಕೇಳಿ ಕನ್ನಡಕ್ಕೆ ತರುತ್ತೇನೆಂದು ನಾನು ಹೇಳಿದಾಗ ನಮ್ಮ ಕಸುಬಿನ ಗೆಳೆಯರಲ್ಲಿ ಇಬ್ಬರು ಮುಖಕ್ಕೇ ನಕ್ಕರು. ಇಂಗ್ಲಿಷಿನಿಂದ ಮಾಡಿದರೆ ಹದಿನೈದು ದಿನದಲ್ಲಿ ಮುಗಿಯುವ ಕೆಲಸಕ್ಕೆ ವರ್ಷ ಹಾಳುಮಾಡಬೇಡ, ಹೇಗೂ ಭಯಾನಕ ಚಿತ್ರದಲ್ಲಿ ಜನ ಓದುವುದು ಕಡಿಮೆ, ಕಿರುಚುವುದು ಹೆಚ್ಚು ಎಂದು ಬುದ್ಧಿ ಹೇಳಿದರು. ವರ್ಷವಲ್ಲ, ಹದಿನಾಲ್ಕು ತಿಂಗಳು ಹಿಡಿಯಿತು. ಆದರೆ ಕಳೆದ ಚಳಿಗಾಲದಲ್ಲಿ ಮೈಸೂರಿನ ಒಂದು ಸಣ್ಣ ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಮಂದಿ ಕುಳಿತು ಆ ಚಿತ್ರವನ್ನು ನೋಡಿದಾಗ, ನಗಬಾರದ ಕಡೆ ಒಬ್ಬರೂ ನಗಲಿಲ್ಲವಾದ್ದರಿಂದ, ಇದನ್ನು ಬರೆಯುವ ಧೈರ್ಯ ಬಂದಿದೆ.

ಚಿತ್ರ 2006ರದು. ನಿರ್ದೇಶಕ ಚೂಕಿಯತ್ ಸಕ್ವೀರಕುಲ್. ಥಾಯ್ ಹೆಸರು ‘13 ಗೇಮ್ ಸಯೋಂಗ್’, ಹೊರದೇಶಗಳಲ್ಲಿ ‘13 ಬಿಲವೆಡ್’ ಎಂದು ಪರಿಚಿತ. ಸಂಗೀತ ವಾದ್ಯಗಳನ್ನು ಮಾರುವ ಪೂಚಿತ್ ಎಂಬ ನೌಕರನ ಕಾರನ್ನು ಸಾಲಕ್ಕಾಗಿ ಎಳೆದೊಯ್ಯುತ್ತಾರೆ, ಊರಿನಿಂದ ತಾಯಿ ಹಣ ಕೇಳುತ್ತಾಳೆ, ಕೊನೆಗೆ ಕೆಲಸವೂ ಹೋಗುತ್ತದೆ. ಕಚೇರಿಯ ಮೆಟ್ಟಿಲ ಮೇಲೆ ಕುಳಿತವನಿಗೆ ಅಪರಿಚಿತ ಕರೆಯೊಂದು ಬರುತ್ತದೆ: ಎದುರಿಗಿರುವ ನೊಣವನ್ನು ಪತ್ರಿಕೆಯಿಂದ ಹೊಡೆದು ಕೊಂದರೆ 10,000 ಬಾತ್, ಅದನ್ನು ನುಂಗಿದರೆ 50,000. ಹದಿಮೂರು ಆಟಗಳನ್ನೂ ಮುಗಿಸಿದರೆ ಹತ್ತು ಕೋಟಿ ಬಾತ್. ಆಟಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದನ್ನು ನೋಡದವರಿಗಾಗಿ ಬಿಟ್ಟಿದ್ದೇನೆ. ಅವನ ಹೆಸರನ್ನು ಥಾಯ್ ಲಿಪಿಯಿಂದ ಅಕ್ಷರಕ್ಕೆ ಅಕ್ಷರ ಬರೆದರೆ ‘ಭೂಜಿತ’ ಎಂದಾಗುತ್ತದೆ. ಭೂಮಿಯನ್ನೇ ಗೆದ್ದವನು ಎಂಬ ಹೆಸರಿನವನ ಹತ್ತಿರ ಕಾರಿನ ಕಂತಿಗೂ ಕಾಸಿಲ್ಲ. ಇಂಥದ್ದು ಇಂಗ್ಲಿಷ್ ಸಾಲುಗಳಲ್ಲಿ ಎಲ್ಲಿ ಸಿಗಬೇಕು?

ಮೊದಲ ಪ್ರಯತ್ನವನ್ನು ನಾನೂ ಇಂಗ್ಲಿಷಿನಿಂದಲೇ ಮಾಡಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಹತ್ತು ಹನ್ನೆರಡು ಮಂದಿಯನ್ನು ಕೂರಿಸಿ ತೋರಿಸಿದೆ. ನೊಣ ನುಂಗುವ ಹೊತ್ತಿಗೆ ಎಲ್ಲರೂ ನಗುತ್ತಿದ್ದರು. ಅದೇನೋ ಸರಿ, ಅಲ್ಲಿ ನಿರ್ದೇಶಕನಿಗೂ ಸ್ವಲ್ಪ ನಗು ಬೇಕಾಗಿದೆ. ಆದರೆ ಹೋಟೆಲಿನಲ್ಲಿ ಅವನ ಮುಂದೆ ಮುಚ್ಚಳ ತೆಗೆದ ತಟ್ಟೆಯಲ್ಲಿ ಮಲವಿರುವ ದೃಶ್ಯಕ್ಕೂ ನಗು ನಿಲ್ಲಲಿಲ್ಲ. “ಇಷ್ಟೊಂದು ದುರಾಸೆ ಇದ್ದರೆ ಅನುಭವಿಸಲಿ ಬಿಡಿ” ಎಂದು ನನ್ನ ಅತ್ತಿಗೆಯೇ ಹೇಳಿದರು. ಅಂದು ರಾತ್ರಿ ಕಡತವನ್ನು ತೆರೆದು ಹುಡುಕಿದರೆ, ಅರ್ಥ ಬಿಡಿಸುವ ಉತ್ಸಾಹದಲ್ಲಿ ‘ದುರಾಸೆ’ ಎಂಬ ಪದವನ್ನು ನಾನೇ ನಾಲ್ಕು ಕಡೆ ತುರುಕಿದ್ದೆ. ಪ್ರೇಕ್ಷಕರಿಗಿಂತ ಮೊದಲೇ ತೀರ್ಪು ಕೊಟ್ಟು ಕುಳಿತಿದ್ದವನು ನಾನು. ನಾಲ್ಕನ್ನೂ ಅಳಿಸಿದೆ.

ಬ್ಯಾಂಕಾಕಿನ ಹೋಟೆಲೊಂದರ ಲೆಕ್ಕಪತ್ರ ವಿಭಾಗದಲ್ಲಿ ಏಳು ವರ್ಷ ದುಡಿದಿದ್ದರಿಂದ ನನಗೆ ಆಡುಮಾತಿನ ಥಾಯ್ ತಕ್ಕಮಟ್ಟಿಗೆ ಬರುತ್ತದೆ, ಓದುವುದು ನಿಧಾನ. ಅಲ್ಲಿನ ಸಹೋದ್ಯೋಗಿಗಳು ಸಾಲದಲ್ಲಿ ಸಿಕ್ಕಿಕೊಂಡವರನ್ನು ಕುರಿತು ‘ಚೊನ್ ತ್ರೋಕ್’ ಎನ್ನುತ್ತಿದ್ದರು. ಅಂದರೆ, ಮುಂದೆ ದಾರಿಯಿಲ್ಲದ ಓಣಿಯಲ್ಲಿ ಸಿಕ್ಕಿಬಿದ್ದವನು. ನಾಯಿಗೂ ಅದೇ ಮಾತು, ಓಣಿಯಲ್ಲಿ ಸಿಕ್ಕಿದ ನಾಯಿ ತಿರುಗಿ ಕಚ್ಚುತ್ತದೆ ಎಂಬ ಅರ್ಥದಲ್ಲಿ. ಇದರಲ್ಲಿರುವ ‘ಚೊನ್’ ಎಂಬುದೇ ಥಾಯ್ ಭಾಷೆಯಲ್ಲಿ ಬಡವ ಎಂಬುದಕ್ಕೂ ಪದ. ಈ ಎರಡು ಅರ್ಥಗಳೂ ಒಟ್ಟಿಗೆ ಬರುವ ಪದಕ್ಕಾಗಿ ವಾರಗಟ್ಟಲೆ ತಡಕಾಡಿದೆ. ‘ಹತಾಶ’ ಎಂಬುದು ಪುಸ್ತಕದ ಮಾತಾಯಿತು, ‘ದಿಕ್ಕೆಟ್ಟ’ ಎಂದರೆ ಹಣದ ವಾಸನೆ ಇಲ್ಲ. ಕೊನೆಗೆ ಸಿಕ್ಕಿದ್ದು ನಮ್ಮ ಅಜ್ಜಿ ದಿನಕ್ಕೆ ಹತ್ತು ಬಾರಿ ಬಳಸುತ್ತಿದ್ದ ‘ಗತಿಗೆಟ್ಟವನು’. ಬಡವನೂ ಅವನೇ, ದಾರಿ ಮುಚ್ಚಿದವನೂ ಅವನೇ. ಇಡೀ ಚಿತ್ರದಲ್ಲಿ ಅದನ್ನು ಒಂದೇ ಒಂದು ಸಲ ಬಳಸಿದ್ದೇನೆ, ಎಲ್ಲಿ ಎಂಬುದನ್ನು ನೋಡಿದವರು ಬಲ್ಲರು.

ಹಣದ ಸಾಲುಗಳಲ್ಲಿ ಮಾತ್ರ ನಮಗೆ ಅನಾಯಾಸವಾಗಿ ಒಂದು ಅನುಕೂಲವಿದೆ, ಇದನ್ನು ಇಂಗ್ಲಿಷಿನಿಂದ ಮಾಡುವವರು ಕೈಯಾರೆ ಕಳೆದುಕೊಳ್ಳುತ್ತಾರೆ. ಥಾಯ್ ಭಾಷೆಯಲ್ಲಿ ಹತ್ತು ಸಾವಿರಕ್ಕೆ ‘ಮ್ಯೂನ್’, ಲಕ್ಷಕ್ಕೆ ‘ಸ್ಯಾನ್’, ಹತ್ತು ಲಕ್ಷಕ್ಕೆ ‘ಲಾನ್’ ಎಂಬ ಪ್ರತ್ಯೇಕ ಪದಗಳಿವೆ. ಲಕ್ಷಕ್ಕೆ ಸ್ವಂತ ಪದವಿರುವ ಭಾಷೆಯಿಂದ ಲಕ್ಷಕ್ಕೆ ಸ್ವಂತ ಪದವಿರುವ ಭಾಷೆಗೆ ಬರುವಾಗ ನಡುವೆ ಮಿಲಿಯನ್ನಿಗೆ ಏನು ಕೆಲಸ? ಮೊದಲ ಕರಡಿನಲ್ಲಿ ‘ನೂರು ಮಿಲಿಯನ್’ ಎಂದಿದ್ದುದನ್ನು ‘ಹತ್ತು ಕೋಟಿ’ ಮಾಡಿದ ಕೂಡಲೇ, ಮನೆಯಲ್ಲಿನ ಎರಡನೆಯ ಪ್ರದರ್ಶನದಲ್ಲಿ ಹಿಂದಿನ ಸಾಲಿನಿಂದ ಯಾರೋ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಬಾತನ್ನೇ ರೂಪಾಯಿಗೆ ಬದಲಿಸಿದರೆ ಇನ್ನೂ ಹತ್ತಿರವಾಗುತ್ತದೆಂದು ಒಂದು ಪ್ರತಿಯಲ್ಲಿ ಹಾಗೂ ಮಾಡಿ ನೋಡಿದೆ. ಚಿತ್ರ ಬಂದ ಕಾಲದ ಬಾತ್ ಸುಮಾರು ಒಂದು ರೂಪಾಯಿ ಇಪ್ಪತ್ತು ಪೈಸೆಯಾಗಿದ್ದರಿಂದ ನೊಣದ ಬೆಲೆ ಹನ್ನೆರಡು ಸಾವಿರ, ನುಂಗುವುದಕ್ಕೆ ಅರವತ್ತು ಸಾವಿರ ಎಂದು ಲೆಕ್ಕ ಬಂತು. ಪರದೆಯಲ್ಲಿ ಥಾಯ್ ನೋಟುಗಳು ಕಾಣುತ್ತಿರುವಾಗ ಕೆಳಗೆ ರೂಪಾಯಿ ಎಂದು ಬರೆದದ್ದನ್ನು ಒಬ್ಬರೂ ಒಪ್ಪಲಿಲ್ಲ. ಆ ಮೂರು ದಿನದ ಶ್ರಮ ಕಸದ ಬುಟ್ಟಿ ಸೇರಿತು.

ನಿಜವಾದ ಗಂಟು ಇದ್ದದ್ದು ಫೋನಿನ ದನಿಯಲ್ಲಿ. ಅದು ಪೂಚಿತನನ್ನು ‘ಖುನ್’ ಎಂದು ಮರ್ಯಾದೆಯಿಂದಲೇ ಕರೆಯುತ್ತದೆ. ನಮ್ಮಲ್ಲಿ ಖಳ ಎಂದ ಕೂಡಲೇ ಏಕವಚನಕ್ಕೆ ಇಳಿಸುವ ಚಾಳಿ ಇದೆಯಲ್ಲ, ನಾನೂ ಮೊದಲು ‘ನೊಣವನ್ನು ತಿನ್ನು’ ಎಂದೇ ಬರೆದಿದ್ದೆ, ಹಾಗಾಗಿ ಅದು ಅಪಹರಣಕಾರನ ಬೆದರಿಕೆಯಂತೆ ಕೇಳಿಸುತ್ತಿತ್ತು. ಬೆದರಿಕೆಗೆ ಒಪ್ಪಿದವನನ್ನು ಕಂಡರೆ ನಮಗೆ ಕನಿಕರ ಬಂದೀತು, ನಾಚಿಕೆ ಬರುವುದಿಲ್ಲ. ಬಹುವಚನಕ್ಕೆ ತಿರುಗಿಸಿದೆ, ಆಗ ದನಿ ಮದುವೆ ಮನೆಯಲ್ಲಿ ಉಪಚಾರ ಮಾಡುವವರದಾಯಿತು. ಎರಡು ತಿಂಗಳು ಅಲ್ಲೇ ನಿಂತೆ. ಪರಿಹಾರ ಸಿಕ್ಕಿದ್ದು ನನ್ನ ಫೋನಿಗೆ ಬ್ಯಾಂಕಿನಿಂದ ಬಂದ ಸಂದೇಶದಲ್ಲಿ. ‘ತಮ್ಮ ಖಾತೆಗೆ ಜಮೆ ಮಾಡಲಾಗಿದೆ’ ಎಂಬ, ಯಾರು ಮಾಡಿದರೆಂದು ಹೇಳದ ಆ ವಾಕ್ಯವನ್ನು ನೋಡಿ ಎದ್ದು ಕುಳಿತೆ. ಆ ದನಿಯ ಅಷ್ಟೂ ಸಾಲುಗಳನ್ನು ಮತ್ತೆ ಬರೆದೆ: ‘10,000 ಬಾತ್ ತಮ್ಮ ಖಾತೆಗೆ ಜಮೆಯಾಗಿದೆ. ಎರಡನೆಯ ಆಟಕ್ಕೆ ತಾವು ಸಿದ್ಧರಿದ್ದೀರಾ?’ ಸಾಲ ವಸೂಲಿಯವರು ಮೊದಲನೆಯ ಸಲ ಕರೆ ಮಾಡುವಾಗ ಎಷ್ಟು ಮೃದುವಾಗಿ ಮಾತನಾಡುತ್ತಾರೆಂದು ಅನುಭವಿಸಿದವರಿಗೆ ಇನ್ನೇನೂ ವಿವರಿಸಬೇಕಾಗಿಲ್ಲ. ಇದೇ ಕಥೆಯನ್ನು 2014ರಲ್ಲಿ ಅಮೆರಿಕದವರು ‘13 ಸಿನ್ಸ್’ ಎಂದು ಮತ್ತೆ ತೆಗೆದಿದ್ದಾರೆ. ಅದನ್ನೂ ನೋಡಿದೆ, ಅಲ್ಲಿನ ದನಿ ಆಟದ ನಿರೂಪಕನ ಉತ್ಸಾಹದ್ದು ಎನಿಸಿತೇ ಹೊರತು ಖಾತೆ ಪುಸ್ತಕದ ತಣ್ಣಗಿನ ಮರ್ಯಾದೆ ನನಗೆ ಕಾಣಲಿಲ್ಲ.

ಪೂಚಿತನ ಮಾತಿನ ಕಷ್ಟ ಬೇರೆ. ಥಾಯ್ ಗಂಡಸಿಗೆ ತನ್ನನ್ನು ‘ಪೊಮ್’ ಎಂದು ಸಭ್ಯವಾಗಿ ಹೇಳಿಕೊಳ್ಳಬಹುದು, ಸಿಟ್ಟಿನಲ್ಲಿ ‘ಕೂ’ ಎಂದು ಒರಟಾಗಿ ಹೇಳಿಕೊಳ್ಳಬಹುದು, ನಮಗಿರುವುದು ಒಂದೇ ‘ನಾನು’. ಆದ್ದರಿಂದ ಅವನ ಇಳಿಜಾರನ್ನು ಕ್ರಿಯಾಪದದ ಬಾಲದಲ್ಲಿ ತೋರಿಸಬೇಕಾಯಿತು. ಆರಂಭದಲ್ಲಿ ‘ಮಾಡುತ್ತೇನೆ’ ಎನ್ನುವವನು ನಾಲ್ಕನೆಯ ಆಟದ ಹೊತ್ತಿಗೆ ‘ಮಾಡ್ತೀನಿ’ ಎನ್ನುತ್ತಾನೆ. ಎಂಟನೆಯ ಆಟದ ನಂತರ ಅವನ ವಾಕ್ಯಗಳಿಗೆ ನಾನು ಏನು ಮಾಡಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾಲ್ಕು ತಿಂಗಳ ನಿದ್ದೆ ಕೊಟ್ಟಿದ್ದೇನೆ. ಪಾತ್ರಧಾರಿ ಕೃಸದಾ ಸುಕೋಸೊಲ್ ಕ್ಲಾಪ್ ಮೂಲತಃ ರಾಕ್ ತಂಡದ ಹಾಡುಗಾರ. ಉಸಿರನ್ನು ಎಲ್ಲಿ ಕತ್ತರಿಸಬೇಕೆಂದು ಬಲ್ಲ ಗಂಟಲು ಅದು, ನನ್ನ ಸಾಲುಗಳನ್ನು ಅವನ ಉಸಿರಿಗೆ ಸರಿಯಾಗಿ ಮುರಿದಿದ್ದೇನೆ ಎಂದಷ್ಟೇ ಹೇಳಬಲ್ಲೆ.

ಪಾಲಿ, ಸಂಸ್ಕೃತಗಳಿಂದ ಎರಡೂ ಕಡೆ ಹೋದ ಪದಗಳನ್ನು ನಂಬಿ ಕೆಟ್ಟದ್ದೂ ಉಂಟು. ಬಾಪ್ ಎಂದರೆ ಪಾಪ, ಕಮ್ ಎಂದರೆ ಕರ್ಮ, ಇಲ್ಲಿಯವರೆಗೆ ತೊಂದರೆಯಿಲ್ಲ. ಲೋಭವನ್ನು ಅವರೂ ಲೋಭವೆಂದೇ ಬರೆದರೂ ಉಚ್ಚರಿಸುವುದು ‘ಲೋಪ್’ ಎಂದು, ಹಾಗಾಗಿ ಮೊದಮೊದಲು ನನ್ನ ಕಿವಿಗೆ ಅದು ಲೋಪ ಎಂದೇ ಬೀಳುತ್ತಿತ್ತು. ‘ಸೊಂಗ್‌ಸಾನ್’ ಎಂಬುದು ನಮ್ಮ ಸಂಸಾರವೇ ಹೌದು, ಆದರೆ ಥಾಯ್ ಜನ ಅದನ್ನು ಕನಿಕರ ಎಂಬ ಅರ್ಥದಲ್ಲಿ ಬಳಸುತ್ತಾರೆ. ಎಲ್ಲಕ್ಕಿಂತ ಕೆಟ್ಟದಾಗಿ ಎಡವಿದ್ದು ‘ಪ್ರೇತ’ದ ಮೇಲೆ. ಬೇರೊಂದು ಚಿತ್ರದ ತುಣುಕಿನ ಮೇಲೆ ಅಭ್ಯಾಸ ಮಾಡುವಾಗ ಬೈಗುಳವಾಗಿ ಬಂದ ಆ ಪದವನ್ನು ಹಾಗೆಯೇ ಉಳಿಸಿದೆ. ನಮಗೆ ಪ್ರೇತವೆಂದರೆ ಸತ್ತವನ ಆತ್ಮ. ಅವರಿಗೆ ಅದು ತಾಳೆಮರದಷ್ಟು ಎತ್ತರದ, ಸೂಜಿಯ ಕಣ್ಣಿನಷ್ಟು ಬಾಯಿಯುಳ್ಳ, ಎಷ್ಟು ಕಂಡರೂ ತಿನ್ನಲಾಗದ ಹಸಿವಿನ ಜೀವ. ಬದುಕಿದ್ದಾಗಿನ ಲೋಭಕ್ಕೆ ಸಿಕ್ಕ ಶಿಕ್ಷೆ. ಅಲ್ಲಿ ‘ಹೊಟ್ಟೆಬಾಕ ಪಿಶಾಚಿ’ ಎಂದು ಬದಲಿಸಿದರೂ ಇಂದಿಗೂ ನನಗೆ ತೃಪ್ತಿಯಿಲ್ಲ.

ಅದೇ ಅಭ್ಯಾಸದ ಭಾಗವಾಗಿ ಸೋಪೊನ್ ಸಕ್ದಾಪಿಸಿತ್ ಅವರ 2017ರ ಚಿತ್ರವೊಂದರ ಮೊದಲ ಹತ್ತು ನಿಮಿಷಗಳಿಗೂ ಕೈ ಹಾಕಿದ್ದೆ. 1997ರ ಆರ್ಥಿಕ ಕುಸಿತದಲ್ಲಿ ಮುಳುಗಿದ ಎರಡು ಕುಟುಂಬಗಳ ಹೆಣ್ಣುಮಕ್ಕಳ ಕಥೆ ಅದು, ಬ್ಯಾಂಕಾಕಿನಲ್ಲಿ ಅರ್ಧಕ್ಕೆ ನಿಂತುಹೋದ, ನಲವತ್ತಕ್ಕೂ ಹೆಚ್ಚು ಮಹಡಿಗಳ ಸಾಥೋರ್ನ್ ಯುನೀಕ್ ಕಟ್ಟಡದಲ್ಲಿ ಚಿತ್ರಿತವಾಗಿದೆ. ಆ ವರ್ಷದ ಜುಲೈ 2ರಂದು ಸರ್ಕಾರ ಬಾತಿನ ನಿಗದಿತ ದರವನ್ನು ಕೈಬಿಟ್ಟ ಮೇಲೆ, ಡಾಲರಿಗೆ 25ರ ಆಸುಪಾಸಿನಲ್ಲಿದ್ದ ಅದು ಕೆಲವೇ ತಿಂಗಳಲ್ಲಿ 50ನ್ನು ದಾಟಿತ್ತು. ಆ ಕಾಲವನ್ನು ಕಂಡ ನಮ್ಮ ವಿಭಾಗದ ಹಿರಿಯರೊಬ್ಬರು ದಿವಾಳಿಯಾದ ದೊಡ್ಡ ಕುಳಗಳ ಬಗ್ಗೆ ‘ಅವರು ಹಾಸಿಗೆಯ ಮೇಲೆ ಬಿದ್ದವರು’ ಎನ್ನುತ್ತಿದ್ದರು. ಬಿದ್ದರೂ ಪೆಟ್ಟಾಗದವರು ಎಂಬ ಅರ್ಥದ ಆ ನುಡಿಗಟ್ಟು ಆಗ ಎಲ್ಲರ ಬಾಯಲ್ಲೂ ಇತ್ತಂತೆ. ಪೂಚಿತ್ ನೆಲದ ಮೇಲೆ ಬಿದ್ದವನು. ಹತ್ತು ನಿಮಿಷದ ಆ ಕೆಲಸ ಎಲ್ಲಿಯೂ ಹೊರಗೆ ಬರಲಿಲ್ಲ, ಆದರೆ ಅದರಿಂದ ಪೂಚಿತನ ದನಿ ನನಗೆ ಸರಿಯಾಗಿ ಕೇಳಿಸತೊಡಗಿತು.

ತಾಂತ್ರಿಕ ತಾಪತ್ರಯಗಳನ್ನು ಬಲ್ಲವರಿಗೆ ಎರಡು ಮಾತು ಸಾಕು. ‘ಸಬ್‌ಟೈಟಲ್ ಎಡಿಟ್’ ಎಂಬ ತಂತ್ರಾಂಶ ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಎಣಿಸಿ ಕೆಂಪು ತೋರಿಸುವುದನ್ನು ನಂಬಬೇಡಿ. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಅದು ಆರೆಂದು ಎಣಿಸುತ್ತದೆ. ನಾನು ಬೆರಳಿನಲ್ಲಿ ಎಣಿಸಿ, ಸೆಕೆಂಡಿಗೆ ಏಳೆಂಟು ಅಕ್ಷರ ಮೀರದಂತೆ ನೋಡಿಕೊಂಡೆ. ಎರಡು ಸಾಲುಗಳು ಬಂದಾಗ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತವೆ, ಸಾಲುಗಳ ಅಂತರವನ್ನು ಹಿಗ್ಗಿಸಿಕೊಳ್ಳಿ. ಹಳೆಯ ಡಿವಿಡಿಯನ್ನು ಇಟ್ಟುಕೊಂಡು ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಸಮಯ ಹೊಂದಿಸಿದ್ದೆ, ಪ್ರದರ್ಶನಕ್ಕೆ ಕೊಟ್ಟ ಪ್ರತಿ 24ರದ್ದಾಗಿತ್ತು, ಹೀಗಾಗಿ ಚಿತ್ರ ಮುಗಿಯುವ ಹೊತ್ತಿಗೆ ನನ್ನ ಸಾಲುಗಳು ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದೆ ಓಡುತ್ತಿದ್ದವು. ಕೊಲೆಗೆ ಮೊದಲೇ ಚೀರಾಟದ ಸಾಲು ಬಂದರೆ ಎಂಥ ಭಯಾನಕ ಚಿತ್ರವೂ ಪ್ರಹಸನವಾಗುತ್ತದೆ. ಒತ್ತಕ್ಷರಗಳನ್ನು ಜೋಡಿಸುವ ‘ಹಾರ್ಫ್‌ಬಜ್’ ತಂತ್ರಾಂಶವನ್ನು ಸೇರಿಸದೆ ಕಟ್ಟಿದ ಹಳೆಯ ‘ಲಿಬ್ಯಾಸ್’ ಎಂಬ ಸಬ್‌ಟೈಟಲ್ ಮೂಡಿಸುವ ತಂತ್ರಾಂಶ ಬಳಸಿ ಅಕ್ಷರಗಳನ್ನು ಚಿತ್ರಕ್ಕೇ ಅಚ್ಚೊತ್ತಿದ್ದರಿಂದ ಒತ್ತಕ್ಷರಗಳೆಲ್ಲ ಒಡೆದುಹೋಗಿ, ಮೂವತ್ತು ಗಂಟೆಗಳ ಕೆಲಸ ವ್ಯರ್ಥವಾದದ್ದು ಬೇರೆ.

ಹಣದ ಲೆಕ್ಕವನ್ನು ನೆನಪಿನಿಂದ ಹೇಳುತ್ತಿದ್ದೇನೆ. ಒಂದೇ ಪ್ರದರ್ಶನದ ಹಕ್ಕಿಗೆ 28,000 ರೂಪಾಯಿಯಷ್ಟಾಯಿತು. ಮೊದಲು ಕೇಳಿದ್ದು ಇದರ ಎರಡರಷ್ಟು, ಆರು ತಿಂಗಳ ಪತ್ರವ್ಯವಹಾರದಲ್ಲಿ ಇಳಿಯಿತು. ನನ್ನ ಕಿವಿ ತಪ್ಪಿದ ಕಡೆ ತಿದ್ದಿದ ಥಾಯ್ ವಿದ್ಯಾರ್ಥಿನಿಗೆ ಗಂಟೆಯ ಲೆಕ್ಕದಲ್ಲಿ ಸುಮಾರು 12,000 ಕೊಟ್ಟೆ, ಅದು ಅತ್ಯಂತ ಸಾರ್ಥಕವಾದ ಖರ್ಚು. ಸಭಾಂಗಣಕ್ಕೆ 8,000. ಮೊದಲು ಒಪ್ಪಿದ್ದ ಇನ್ನೊಂದು ಸಭಾಂಗಣದವರು ಚಿತ್ರದ ಹೆಸರು ಕೇಳಿ ಹಿಂದೆ ಸರಿದರು, ಮುಂಗಡದ 5,000 ಇಂದಿಗೂ ಹಿಂತಿರುಗಿಲ್ಲ. ಎಲ್ಲ ಸೇರಿ 55,000ದ ಹತ್ತಿರ ಹೋಯಿತು, ಬಾಗಿಲಲ್ಲಿಟ್ಟ ಡಬ್ಬಿಯಲ್ಲಿ ಬಿದ್ದದ್ದು 19,000. ಮನೆಯಾಕೆಗೆ ಮೊದಲ ಸಲ ಈ ಲೆಕ್ಕ ಹೇಳಿದಾಗ, “ನಿಮಗೆ ಯಾರೂ ಫೋನ್ ಮಾಡಲಿಲ್ಲವೇ?” ಎಂದು ಕೇಳಿದಳು.

ಪ್ರದರ್ಶನದ ದಿನ ನೊಣಕ್ಕೆ ನಗು ಬಂತು, ನಾನು ಬಯಸಿದ್ದಷ್ಟೇ. ಹೋಟೆಲಿನ ದೃಶ್ಯದಲ್ಲಿ ಆ ದನಿ ‘ತಾವು ನಿಧಾನವಾಗಿ ಆಲೋಚಿಸಬಹುದು’ ಎಂದಾಗ ಕುರ್ಚಿಗಳ ಸದ್ದೂ ನಿಂತಿತು. ಮುಗಿದ ಮೇಲೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬಂದು, ‘ಜಮೆಯಾಗಿದೆ’ ಎಂದು ಓದಿದಾಗಲೆಲ್ಲ ಹೊಟ್ಟೆ ತೊಳಸಿದಂತಾಯಿತು ಎಂದು ಹೇಳಿ, ಒಂದು ಕಡೆ ಜಮೆಯ ಬದಲು ‘ಜಮಾ’ ಎಂದು ಬರೆದಿದ್ದೀರಿ ಎಂದು ತಪ್ಪನ್ನೂ ತೋರಿಸಿದರು. ಅದನ್ನು ಅಂದೇ ರಾತ್ರಿ ತಿದ್ದಿದೆ. ವಾರದ ನಂತರ, ಆರಂಭದಲ್ಲಿ ನಕ್ಕಿದ್ದ ಇಬ್ಬರಲ್ಲಿ ಒಬ್ಬರು ಕಡತವನ್ನು ಕಳುಹಿಸಲು ಸಾಧ್ಯವೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಎಂಟನೆಯ ಆಟದವರೆಗಿನ ಸಾಲುಗಳನ್ನು ಕಳುಹಿಸಿಕೊಟ್ಟಿದ್ದೇನೆ.