ದೊಡ್ಡಪತ್ರೆ ತಂಬುಳಿ: ಎಲೆ ಬಾಡಿಸುವುದರಲ್ಲಿದೆ ರುಚಿ

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಲ್ಲಿ ಒಬ್ಬರಿಗಾದರೂ ಶೀತ, ಕೆಮ್ಮು ತಪ್ಪಿದ್ದಲ್ಲ. ಆಗ ನೆನಪಾಗುವುದು ಹಿತ್ತಿಲಿನ ದೊಡ್ಡಪತ್ರೆ. ಸಾಂಬಾರಬಳ್ಳಿ ಎಂದೂ ಕರೆಯುವ ಈ ಗಿಡ ತುಳಸಿಯ ಕುಟುಂಬದ್ದು. ಪೇಟೆಯ ಅಂಗಡಿಗಳಲ್ಲಿ ಒಣಗಿಸಿ ಮಾರುವ ಸೇಜ್ ಕೂಡ ಇದರ ದಾಯಾದಿಯೇ. ಮೆಡಿಟರೇನಿಯನ್ ಸೀಮೆಯವರು ಸೇಜ್ ಎಲೆಯನ್ನು ಬೆಣ್ಣೆಯಲ್ಲಿ ಹುರಿದು ಅಡುಗೆಗೆ ಹಾಕುತ್ತಾರೆ, ಗಂಟಲು ಕೆರೆದರೆ ಅದರ ಕಷಾಯದಲ್ಲಿ ಬಾಯಿ ಮುಕ್ಕಳಿಸುತ್ತಾರೆ. ನಮ್ಮಲ್ಲಿ ಅಡುಗೆಗೂ ಮದ್ದಿಗೂ ದೊಡ್ಡಪತ್ರೆಯೇ ಇರುವಾಗ ದುಬಾರಿ ಡಬ್ಬಿಯ ಹಂಗೇಕೆ?

ನೆಡುವುದು ಸುಲಭ. ಗೇಣುದ್ದದ ಟೊಂಗೆ ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಆದರೆ ಮಲೆನಾಡಿನ ಮಳೆಗೆ ನೀರು ನಿಂತು ಬುಡ ಕೊಳೆಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕುಂಡವನ್ನು ಸೂರಿನ ಒಳಗೆ ಎಳೆದಿಡಿ.

ಕೆಮ್ಮಿಗಾದರೆ ಮೂರು ನಾಲ್ಕು ಎಲೆಗಳನ್ನು ಕೆಂಡದ ಮೇಲೆ ಅಥವಾ ಕಾದ ಕಾವಲಿಯ ಮೇಲೆ ಬಾಡಿಸಿ. ಬಿರುಸಾಗಿದ್ದ ಎಲೆ ಮೆತ್ತಗಾಗಿ, ಮೇಲಿನ ನವಿರು ರೋಮ ಒದ್ದೆಯಾದಂತೆ ಕಂಡು, ಓಮದ ಘಾಟು ಮೂಗಿಗೆ ಬಡಿದಾಗ ತೆಗೆದು ಅಂಗೈಯಲ್ಲಿ ಹಿಂಡಿ. ಓಮದಲ್ಲಿರುವ ಥೈಮಾಲ್ ಇದರಲ್ಲೂ ಇದೆ. ಘಾಟು ಬರುವುದು ಅದರಿಂದ, ಜೊತೆಗಿರುವ ಕಾರ್ವಕ್ರಾಲ್‌ನಿಂದ. ಒಂದು ಚಮಚ ರಸಕ್ಕೆ ಅರ್ಧ ಚಮಚ ಜೇನುತುಪ್ಪ ಸೇರಿಸಿ ದೊಡ್ಡವರು ನೆಕ್ಕಬಹುದು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ಖಂಡಿತ ಕೊಡಬೇಡಿ. ಉಸಿರು ಕಟ್ಟುತ್ತಿದ್ದರೆ, ಜ್ವರ ಬಿಡದಿದ್ದರೆ ಎಲೆಯನ್ನು ನಂಬಿ ಕೂರದೆ ವೈದ್ಯರ ಬಳಿಗೆ ಹೋಗಿ.

ಇನ್ನು ತಂಬುಳಿ. ಹದಿನೈದು ಎಲೆಗಳನ್ನು ತೊಳೆದು ಒರಸಿ. ಬಾಣಲೆಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಜೀರಿಗೆ ಸಿಡಿದ ಮೇಲೆ ಎಲೆ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಇಲ್ಲಿ ಅವಸರ ಬೇಡ. ದೊಡ್ಡಪತ್ರೆಯ ದಪ್ಪ ಎಲೆಯಲ್ಲಿ ನೀರೇ ಹೆಚ್ಚು. ಅದು ಆರದಿದ್ದರೆ ತಂಬುಳಿಗೆ ಹಸಿ ವಾಸನೆ ಉಳಿಯುತ್ತದೆ. ಚುರುಗುಟ್ಟುವ ಸದ್ದು ನಿಂತು, ಎಲೆ ಮುದುಡಿ, ಹಸಿರು ಕಂದಿದರೆ ಹದ ಬಂತು. ಸ್ವಲ್ಪ ಆರಿದ ಮೇಲೆ ಅರ್ಧ ಬಟ್ಟಲು ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದೂವರೆ ಬಟ್ಟಲು ಹುಳಿಯಿರದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಸಾಸಿವೆ, ಬ್ಯಾಡಗಿ ಮೆಣಸಿನಕಾಯಿಯ ತುಪ್ಪದ ಒಗ್ಗರಣೆ ಸಾಕು. ಬೆಳ್ಳುಳ್ಳಿ ಹಾಕುವವರೂ ಇದ್ದಾರೆ, ನನಗೆ ಅದು ಎಲೆಯ ಪರಿಮಳವನ್ನು ನುಂಗಿಬಿಡುತ್ತದೆ ಎನಿಸುತ್ತದೆ.

ಮಜ್ಜಿಗೆ ಬೆರೆಸಿದ ಮೇಲೆ ಒಲೆಗೆ ಇಡಬೇಡಿ, ಒಡೆಯುತ್ತದೆ. ಬಿಸಿ ಅನ್ನಕ್ಕೆ ಹಾಕಿಕೊಂಡು ಉಣ್ಣಿ. ಮಿಕ್ಕಿದ್ದನ್ನು ಲೋಟಕ್ಕೆ ಬಗ್ಗಿಸಿ ಆಗಲೇ ಕುಡಿದುಬಿಡಿ. ರಾತ್ರಿಯ ಹೊತ್ತಿಗೆ ಹುಳಿಯಾಗುತ್ತದೆ.