ಅಮೆರಿಕದ ಮನೆಯ ಕಾಗದ ಓದುವ ಬಗೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ದಸ್ತಾವೇಜು ಬರೆಯುವುದು ನನ್ನ ಕಸುಬು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಅಪರೂಪಕ್ಕೊಮ್ಮೆ ಮೂಲಗೇಣಿಯ ಹಳೆಯ ತಕರಾರು. ಈಚೆಗೆ ಇನ್ನೊಂದು ಬಗೆಯ ಗಿರಾಕಿಗಳು ಸೇರಿಕೊಂಡಿದ್ದಾರೆ. ಮಗನೋ ಮಗಳೋ ಅಮೆರಿಕದಲ್ಲಿ ಮನೆ ಕೊಳ್ಳುತ್ತಿರುತ್ತಾರೆ, ಕಾಗದಗಳು ಮೊಬೈಲಿಗೆ ಬಂದಿರುತ್ತವೆ, ಅಪ್ಪ ಅಮ್ಮ ಅವನ್ನು ಮುದ್ರಿಸಿಕೊಂಡು ನನ್ನ ಮೇಜಿನ ಮೇಲೆ ಇಡುತ್ತಾರೆ. ಅಲ್ಲಿನ ಕಾನೂನು ಸಲಹೆ ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ಅಲ್ಲಿ ವಕೀಲರಿದ್ದಾರೆ. ಆದರೆ ಪಹಣಿ, ಋಣಭಾರ ಪತ್ರ ನೋಡಿ ಪಳಗಿದವರಿಗೆ ಆ ಕಾಗದಗಳನ್ನು ಓದುವುದು ಕಷ್ಟವೇನಲ್ಲ. ನನ್ನ ಅಣ್ಣನ ಮಗ ಮಿನ್ನೆಸೋಟ ರಾಜ್ಯದ ಮಿನಿಯಾಪೋಲಿಸ್‌ನಲ್ಲಿ ಹಳೆಯ ಮನೆ ಕೊಂಡಾಗ ನಾನು ಓದಿದ ಕ್ರಮ ಇದು.

ಹಕ್ಕಿನ ಸರಣಿಯಿಂದಲೇ ಶುರುಮಾಡಿ. ನಮ್ಮ ಉಪನೋಂದಣಿ ಕಚೇರಿಯ ಕೆಲಸವನ್ನು ಅಲ್ಲಿ ಸಾಮಾನ್ಯವಾಗಿ ಕೌಂಟಿ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, ಮಾಡುತ್ತದೆ. ಮಿನಿಯಾಪೋಲಿಸ್‌ಗೆ ಹೆನೆಪಿನ್ ಕೌಂಟಿ. ಈಗಿನ ಕ್ರಯಪತ್ರದಲ್ಲಿ ‘ದಾಖಲಾಗಿರುವ ಷರತ್ತುಗಳಿಗೆ ಒಳಪಟ್ಟು’ ಎಂಬರ್ಥದ ಒಂದು ಸಾಲು ಇರುತ್ತದೆ. ನಮ್ಮವರು ಅದನ್ನು ದಾಟಿ ನೇರ ಬೆಲೆಯ ಕಡೆಗೆ ಹೋಗುತ್ತಾರೆ. ಹೋಗಬೇಡಿ, ಅಲ್ಲೇ ನಿಲ್ಲಿ. ಯಾವ ಷರತ್ತು, ಯಾವಾಗಿನದು? ಹಕ್ಕಿನಲ್ಲಿ ದೋಷ ಕಂಡರೆ ನಷ್ಟ ತುಂಬಿಕೊಡುವ ಹಕ್ಕಿನ ವಿಮೆಯ ವರದಿಯಲ್ಲಿ, ವಿಮೆಗೆ ಒಳಪಡದ ವಿನಾಯಿತಿಗಳ ಪಟ್ಟಿ ಇರುತ್ತದೆ. ಎಷ್ಟೋ ವರದಿಗಳು ಜನಾಂಗಕ್ಕೆ ಸಂಬಂಧಿಸಿದ ಷರತ್ತುಗಳನ್ನು ಬಿಟ್ಟು ಉಳಿದವನ್ನಷ್ಟೇ ತೋರಿಸುತ್ತವೆ. ಆದ್ದರಿಂದ ಮನೆ 1950ಕ್ಕಿಂತ ಹಳೆಯದಾಗಿದ್ದರೆ, ಬಡಾವಣೆ ಮಾಡಿದವರು ನಿವೇಶನವನ್ನು ಮೊದಲ ಸಲ ಮಾರಿದ ಪತ್ರವನ್ನೇ ತೆಗೆಸಬೇಕು. ಮಿನಿಯಾಪೋಲಿಸ್‌ನವರಿಗೆ ಒಂದು ಅನುಕೂಲವಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಪ್ರೆಜುಡಿಸ್’ ಯೋಜನೆಯವರು ಸ್ವಯಂಸೇವಕರಿಂದ ಹಳೆಯ ಪತ್ರಗಳನ್ನು ಓದಿಸಿ ಇಂಥ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ.

ಅಣ್ಣನ ಮಗನ ಮನೆಯ ಮೂಲಪತ್ರದಲ್ಲಿ ಸಿಕ್ಕಿದ್ದು ಹೀಗೆ: ಮನೆ ಬೀದಿಯಿಂದ ಇಷ್ಟು ಅಡಿ ಹಿಂದಿರಬೇಕು, ಇಷ್ಟು ಡಾಲರಿಗಿಂತ ಅಗ್ಗದ ಮನೆ ಕಟ್ಟಕೂಡದು, ಮತ್ತು ಅದೇ ಉಸಿರಿನಲ್ಲಿ, ಬಿಳಿಯರಲ್ಲದವರಿಗೆ ಈ ಆಸ್ತಿಯನ್ನು ಮಾರಕೂಡದು, ಅಡವಿಡಕೂಡದು, ಬಾಡಿಗೆಗೆ ಕೊಡಕೂಡದು, ವಾಸಕ್ಕೆ ಬಿಡಕೂಡದು. ಕಸುಬಿನವಳಾಗಿ ಹೇಳುತ್ತೇನೆ, ಬರೆದವನ ಕೈ ಚೆನ್ನಾಗಿ ಪಳಗಿದ್ದು; ನುಸುಳಲು ಒಂದು ಸಂದನ್ನೂ ಬಿಟ್ಟಿಲ್ಲ. ಆ ನಗರದಲ್ಲಿ ಈ ಪದ್ಧತಿ 1910ರಿಂದ ಕಾಣುತ್ತದೆ. ಬೇರೆ ಕೆಲವು ನಗರಗಳ ಪತ್ರಗಳಲ್ಲಿ ಮನೆಗೆಲಸದವರಿಗೆ ಮಾತ್ರ ವಿನಾಯಿತಿ ಇತ್ತು. ಅಡುಗೆ ಮಾಡಲು ಬರಬಹುದು, ಮನೆ ಕೊಳ್ಳಲು ಮಾತ್ರ ಬರಬಾರದು.

“ಅದು ಕರಿಯರಿಗೆ ಬರೆದದ್ದಲ್ಲವೇ, ನಮಗೇನು?” ಎಂದು ಬಿಜೈಯ ಹಿರಿಯರೊಬ್ಬರು ಕೇಳಿದರು. ನಮಗೂ ಅನ್ವಯಿಸುತ್ತಿತ್ತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು, ಪೌರತ್ವ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರಲ್ಲಿ ಕೋರ್ಟು, ಜನಸಾಮಾನ್ಯರ ತಿಳಿವಳಿಕೆಯಂತೆ ಭಾರತೀಯರು ಬಿಳಿಯರಲ್ಲ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಅವರೂ ಹೊರಗಿನಿಂದ ಬಂದವರೇ, ಇಂಗ್ಲೆಂಡಿನಲ್ಲಿ ಹುಟ್ಟಿದವರು!

ಈ ಹೆಸರು ನೆನಪಿಡಿ, ಮುಂದಿನ ಕಾಗದಕ್ಕೂ ಬೇಕು. ಅದು ವಲಯ ನಕ್ಷೆ. ಇಂಥ ಬೀದಿಯಲ್ಲಿ ಇಂಥ ಜನಾಂಗದವರು ಇರಬಾರದು ಎಂದು ನಗರಸಭೆಗಳು ನೇರವಾಗಿ ಕಾನೂನು ಮಾಡುವುದನ್ನು ಸುಪ್ರೀಂ ಕೋರ್ಟು ಲೂಯಿವಿಲ್ ಪ್ರಕರಣದಲ್ಲಿ 1917ರಲ್ಲೇ ತಡೆದಿತ್ತು. ಆಮೇಲೆ ಅದೇ ಕೆಲಸವನ್ನು ಖಾಸಗಿ ಷರತ್ತುಗಳು ವಹಿಸಿಕೊಂಡವು. ಇನ್ನೊಂದು ಕಡೆಯಿಂದ ವಲಯ ನಿಯಮ ಬಂತು: ಈ ಪ್ರದೇಶದಲ್ಲಿ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ, ಫ್ಲಾಟ್ ಕಟ್ಟುವಂತಿಲ್ಲ. 1926ರ ಯೂಕ್ಲಿಡ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದು, ಇಂಥ ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟ್ ಎಂಬುದು ಬರೀ ಪರಾವಲಂಬಿ ಎಂದು ಬರೆದವರೂ ಸದರ್ಲೆಂಡರೇ. ಜಾತಿ, ಬಣ್ಣದ ಮಾತೇ ಇಲ್ಲ. ನಿವೇಶನದ ಕನಿಷ್ಠ ಅಳತೆ ಹೆಚ್ಚಿಸಿದರೆ ಸಾಕು, ಬಡವರು ತಾವಾಗಿಯೇ ದೂರ ಉಳಿಯುತ್ತಾರೆ. ಕದ್ರಿಯಲ್ಲಿ ಹಂಚಿನ ಮನೆಗಳ ಪಕ್ಕದಲ್ಲೇ ಬಹುಮಹಡಿ ಕಟ್ಟಡ ಏಳುವುದನ್ನು ನೋಡಿದವರಿಗೆ ಇದು ನಂಬಲು ಕಷ್ಟ. ಆದ್ದರಿಂದ ನಗರದ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿ, ಅದು ಯಾವ ವಲಯದಲ್ಲಿದೆ, ಅಲ್ಲಿ ಎಷ್ಟು ಮನೆ ಕಟ್ಟಬಹುದು ಎಂಬುದನ್ನು ಬರೆದಿಟ್ಟುಕೊಳ್ಳಿ. ನೀವು ಆರು ತಿಂಗಳು ಮಗನ ಜೊತೆ ಇರಲು ಹಿತ್ತಲಲ್ಲಿ ಚಿಕ್ಕ ಮನೆ ಕಟ್ಟಿಸಬಹುದೇ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ಮೂರನೆಯದು ಸಾಲದ ನಕ್ಷೆ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಬಳಿಸಿತು. ಕೆಂಪು ಎಂದರೆ ಸಾಲ ಕೊಡಲು ಅಪಾಯ, ಮತ್ತು ಕರಿಯರಿದ್ದ ಬಡಾವಣೆಗೆ ಹೆಚ್ಚುಕಡಿಮೆ ಖಚಿತವಾಗಿ ಕೆಂಪು. ರಿಚ್ಮಂಡ್ ವಿಶ್ವವಿದ್ಯಾಲಯ ಈ ನಕ್ಷೆಗಳನ್ನು ಅಂತರಜಾಲದಲ್ಲಿ ಇಟ್ಟಿದೆ. ಆದರೆ ಎಲ್ಲ ಪಾಪವನ್ನೂ ಈ ಬಣ್ಣಗಳ ತಲೆಗೆ ಕಟ್ಟಬೇಡಿ. 1934ರಲ್ಲಿ ಹುಟ್ಟಿದ, ಗೃಹಸಾಲಗಳಿಗೆ ವಿಮೆ ಕೊಡುವ ಸರ್ಕಾರಿ ಇಲಾಖೆ ತನ್ನದೇ ಕೈಪಿಡಿಯಲ್ಲಿ ಜನಾಂಗದ ಷರತ್ತುಗಳನ್ನು ಶಿಫಾರಸು ಮಾಡಿತ್ತು. ಡೆಟ್ರಾಯಿಟ್‌ನಲ್ಲಿ ಒಬ್ಬ ಬಿಲ್ಡರ್ ಆ ವಿಮೆ ಗಿಟ್ಟಿಸಲೆಂದೇ 1941ರಲ್ಲಿ ಕರಿಯರ ಬಡಾವಣೆಗೂ ತನ್ನ ನಿವೇಶನಗಳಿಗೂ ನಡುವೆ ಕಾಂಕ್ರೀಟ್ ಗೋಡೆ ಕಟ್ಟಿದ. ಗೋಡೆ ಈಗಲೂ ಇದೆ.

ಹಳೆಯ ಷರತ್ತು ಸಿಕ್ಕರೆ ಗಾಬರಿ ಬೇಡ. 1948ರ ಶೆಲ್ಲಿ ಪ್ರಕರಣದ ನಂತರ ಕೋರ್ಟುಗಳು ಅದನ್ನು ಜಾರಿ ಮಾಡುವಂತಿಲ್ಲ. 1968ರ ನ್ಯಾಯಯುತ ವಸತಿ ಕಾಯ್ದೆ ಇಂಥ ತಾರತಮ್ಯವನ್ನೇ ನಿಷೇಧಿಸಿತು. ಮಿನ್ನೆಸೋಟದಲ್ಲಿ 2019ರ ಕಾನೂನಿನಂತೆ ಮಾಲೀಕರು ಷರತ್ತನ್ನು ವಜಾ ಮಾಡುವ ನಮೂನೆಯನ್ನು ಕೌಂಟಿಯಲ್ಲಿ ದಾಖಲಿಸಬಹುದು. ಅಣ್ಣನ ಮಗ ದಾಖಲಿಸಿದ. ಹಳೆಯ ಪುಟ ಅಳಿಯುವುದಿಲ್ಲ, ಅದರ ಜೊತೆಗೆ ಹೊಸದು ಸೇರುತ್ತದೆ. ಎರಡನ್ನೂ ಕಡತದಲ್ಲಿಡಿ.

“ಅಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ?” ಎಂದು ದಲ್ಲಾಳಿಯನ್ನು ಕೇಳಬೇಡಿ. ಗಿರಾಕಿಯನ್ನು ಜನಾಂಗ ನೋಡಿ ಬಡಾವಣೆಗೆ ತಿರುಗಿಸುವುದು ಅಲ್ಲಿ ಕಾನೂನುಬಾಹಿರ, ಅವರು ಉತ್ತರಿಸಲಾರರು. ಬಾಡಿಗೆ ಮನೆ ತೋರಿಸುವ ಮುನ್ನ ಮೀನು ತಿನ್ನುತ್ತೀರಾ ಎಂದು ವಿಚಾರಿಸುವ ನಮ್ಮೂರ ದಲ್ಲಾಳಿಗಳನ್ನು ಕಂಡವರಿಗೆ ಆ ಮೌನ ವಿಚಿತ್ರವೆನಿಸುತ್ತದೆ. ಶಾಲೆ ಹೇಗಿದೆ ಎಂಬ ಪ್ರಶ್ನೆಯೂ ಸುತ್ತಿ ಅಲ್ಲಿಗೇ ಬರುತ್ತದೆ. ಬಹಳ ಕಡೆ ಶಾಲೆಯ ಹಣದ ದೊಡ್ಡ ಪಾಲು ಅದೇ ಪ್ರದೇಶದ ಆಸ್ತಿ ತೆರಿಗೆಯಿಂದ ಬರುವುದರಿಂದ, ಒಳ್ಳೆಯ ಶಾಲೆಯ ಬೆಲೆ ಮನೆಯ ಬೆಲೆಯೊಳಗೇ ಸೇರಿರುತ್ತದೆ.

ಕೊನೆಗೆ ವಾರ್ಡ್ ಯಾವುದು ಎಂದು ನೋಡಿ. ನಮ್ಮ ಮಹಾನಗರ ಪಾಲಿಕೆಗೆ 60 ವಾರ್ಡ್, ಮಿನಿಯಾಪೋಲಿಸ್‌ಗೆ 13 ಮಾತ್ರ, ಹಾಗಾಗಿ ಒಬ್ಬೊಬ್ಬ ಸದಸ್ಯನ ಮತವೂ ಭಾರವಾದದ್ದು. 2018ರ ಡಿಸೆಂಬರಿನಲ್ಲಿ ಅಲ್ಲಿನ ಪರಿಷತ್ತು, ಒಂದೇ ಕುಟುಂಬದ ಮನೆಗೆ ಮೀಸಲಿದ್ದ ನಿವೇಶನಗಳಲ್ಲೂ ಮೂರು ಮನೆಗಳವರೆಗೆ ಕಟ್ಟಬಹುದು ಎಂಬ ಯೋಜನೆಯನ್ನು 12-1ರಿಂದ ಒಪ್ಪಿತು. ವಿರೋಧಿಗಳು ಪರಿಸರ ಕಾನೂನು ಹಿಡಿದು ಕೋರ್ಟಿಗೆ ಹೋದರು; 2024ರಲ್ಲಿ ರಾಜ್ಯದ ಶಾಸಕಾಂಗವೇ ಕಾನೂನು ತಿದ್ದಬೇಕಾಯಿತು. ಇಂಥ ಸಭೆಗಳ ನೇರ ಪ್ರಸಾರವಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 9.30 ಆದರೆ ಇಲ್ಲಿ ರಾತ್ರಿ 8, ಊಟ ಮಾಡುತ್ತಲೇ ನೋಡಬಹುದು. ಯಾರು ಎದ್ದು ಮಾತನಾಡುತ್ತಾರೆ ಗಮನಿಸಿ: ಹೆಚ್ಚಾಗಿ ವಯಸ್ಸಾದ ಮನೆ ಮಾಲೀಕರು, ಪಾರ್ಕಿಂಗ್ ಮತ್ತು ಮರಗಳ ಬಗ್ಗೆ. ಬಾಡಿಗೆದಾರರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ನಿಮ್ಮ ಮಗನಿಗೆ ಮಾತನಾಡುವುದಿದ್ದರೆ ಸಿಗುವುದು ಎರಡೋ ಮೂರೋ ನಿಮಿಷ. ಹೇಳಬೇಕಾದ್ದನ್ನು ಮೊದಲೇ ಒಂದು ಪುಟದಲ್ಲಿ ಬರೆದುಕೊಳ್ಳಲಿ.